ಚತುರಂಗದ ಆನೆಯ ನಡೆಯೂ ಗಜಪದಬಂಧವೂ

ಚತುರಂಗದ ಕಾಯಿಗಳಲ್ಲಿ ಕುದುರೆಯ ನಡೆ ಸಾವಿರ ವರ್ಷಗಳಿಂದಲೂ ಬದಲಾಗಿಲ್ಲ. ಆನೆಯ ನಡೆಯಾದರೋ ಕಾಲಕಾಲಕ್ಕೆ ಹೊಸದಾಗಿ ಕಲ್ಪಿತವಾಗಿದೆ. ಇಂದು ಕನ್ನಡಿಗರ ಆಟದಲ್ಲಿ ಆನೆಯು ಮೂಲೆಯ ಮನೆಯಿಂದ ನೇರವಾಗಿ ಎಷ್ಟು ದೂರವಾದರೂ ಓಡುವುದು. ಓರೆಯಾಗಿ ಓಡುವುದು ಒಂಟೆ. ಈ ರೂಢಿಯನ್ನೇ ಹಿಡಿದು ಹಳೆಯ ಚಿತ್ರಕಾವ್ಯವನ್ನು ವಿವರಿಸಹೊರಟರೆ ಪ್ರಮಾದವುಂಟಾಗುವುದು.

ಪೂರ್ವಕಾಲದ ಆನೆಗೆ ಮೂರು ಬಗೆಯ ನಡೆಗಳು ತಿಳಿದುಬರುತ್ತವೆ. ಅರಬ್ಬರ ಆಟದಲ್ಲಿ ಅದು ಓರೆಯಾಗಿ ಎರಡನೆಯ ಮನೆಗೆ ಹಾರುತ್ತಿದ್ದಿತು. ಭಾರತೀಯರ ಆನೆ ನೇರವಾಗಿ ಎರಡನೆಯ ಮನೆಗೆ ಹಾರುವುದೆಂದು 9ನೆಯ ಶತಮಾನದ ಅಲ್-ಅದ್ಲಿ ಹೇಳಿರುವನು. ಸುಮಾರು ಕ್ರಿ. ಶ. 1030ರಲ್ಲಿ ಅಲ್-ಬಿರೂನಿಯು ಬೇರೊಂದು ನಡೆಯನ್ನು ವರ್ಣಿಸಿರುವನು: ಮುಂದಕ್ಕೆ ಒಂದು ಮನೆ, ಇಲ್ಲವೆ ನಾಲ್ಕು ಓರೆಗಳಲ್ಲಿ ಒಂದೊಂದು ಮನೆ. ಈ ಐದೂ ಆನೆಯ ಸೊಂಡಿಲು ಮತ್ತು ನಾಲ್ಕು ಕಾಲುಗಳ ಸ್ಥಾನಗಳೆಂಬುದು ಅವನ ವಿವರಣೆ. ಬರ್ಮಾ, ಸಯಾಮ್ ದೇಶಗಳ ಆಟಗಳಲ್ಲಿ ಈ ಪಂಚಾಂಗಗತಿ ಇಂದಿಗೂ ಉಳಿದಿದೆ.

ಕಾಶ್ಮೀರದ ರುದ್ರಟನು 9ನೆಯ ಶತಮಾನದ ತನ್ನ 'ಕಾವ್ಯಾಲಂಕಾರ'ದಲ್ಲಿ ತುರಗಪದ, ರಥಪದ, ಗಜಪದಗಳನ್ನು ಬೇರೆಬೇರೆಯಾಗಿ ಉದಾಹರಿಸಿರುವನು. ಶ್ಲೋಕದ 32 ಅಕ್ಷರಗಳನ್ನು ಅರ್ಧಹಾಸಿನ 32 ಮನೆಗಳಲ್ಲಿಟ್ಟು, ಕಾಯಿಯ ನಡೆಯಂತೆ ಓದಿದರೂ ಅದೇ ಶ್ಲೋಕ ದೊರೆಯಬೇಕು. ಆನೆಗೆ ಇಂದಿನ ನೇರಗತಿಯಿದ್ದಿದ್ದರೆ ಗಜಪದಕ್ಕೂ ರಥಪದಕ್ಕೂ ಭೇದವೇ ಇರುತ್ತಿರಲಿಲ್ಲ. ಕೇವಲ ಓರೆಗತಿಯಾದರೆ ಅರ್ಧದಷ್ಟು ಮನೆಗಳನ್ನು ಅದು ಎಂದಿಗೂ ಮುಟ್ಟಲಾರದು. ಎರಡನೆಯ ಮನೆಗೆ ಹಾರುವ ಆನೆಗೆ ಅಷ್ಟೂ ದೊರೆಯವು. ಪಂಚಾಂಗಗತಿಯಲ್ಲಿಯಾದರೆ ಒಂದು ಹೆಜ್ಜೆ ಮುಂದಿಟ್ಟು, ಓರೆಯಾಗಿ ಹಿಂದೆ ಸರಿಯುತ್ತ, ಎರಡೆರಡು ಸಾಲುಗಳಂತೆ ಎಲ್ಲ ಮನೆಗಳನ್ನೂ ಸಂಚರಿಸಬಹುದು. ಆದಕಾರಣ ಅಲ್-ಬಿರೂನಿ ಕಂಡ ಆನೆಯು ಅವನಿಗಿಂತ ಒಂದು ಶತಮಾನಕ್ಕೂ ಹಿಂದೆಯೇ ಭಾರತದಲ್ಲಿದ್ದಿತೆಂದು ಸಿದ್ಧವಾಗುತ್ತದೆ.

ಕನ್ನಡ ನಾಡಿನ ಅರಸರಿಗೂ ಈ ವಿನೋದ ಪ್ರಿಯವಾಗಿದ್ದಿತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (1126–1138) 'ಮಾನಸೋಲ್ಲಾಸ'ದಲ್ಲಿ ಚತುರಂಗವನ್ನೂ ಕುದುರೆಯ ಸಂಚಾರವನ್ನೂ ನಿರೂಪಿಸಿರುವನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯ ಸಂಚಾರಗಳನ್ನು ಸ್ವತಃ ರಚಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲಾಗಿದೆ. ಕುದುರೆಯ ನಡೆ ಸ್ಥಿರವಾಗಿದ್ದುದರಿಂದ ತುರಗಪದವು ಇಂದಿನ ಓದುಗನಿಗೂ ಸುಗಮ. ಗಜಪದಕ್ಕೆ ಆ ಭಾಗ್ಯವಿಲ್ಲ. ಅದನ್ನು ಬೋಧಿಸುವವರು ಮೊದಲು ಆನೆಗೆ ಅದರ ಐದು ಅಂಗಗಳನ್ನು ಮರಳಿ ಕೊಡಬೇಕು. ಇಲ್ಲವಾದರೆ ಕವಿಯು ಪಟ್ಟ ಶ್ರಮ ಕಾಣದೆ, ಅಕ್ಷರಗಳ ಗೊಂದಲ ಮಾತ್ರ ಉಳಿಯುವುದು.