ಬ್ರಿಟಿಷರು ಕಟ್ಟಿಸಿದ್ದಲ್ಲ ರೀ, ಕಲ್ಲು ಓದಿ

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ರೀಲ್ ನಿಮ್ಮ ಫೀಡ್‌ನಾಗೂ ಬಂದಿರ್ತದ. ಎರಡು ಚೂಪು ಗೋಪುರ, ಹಿಂದೆ ಮೋಡ, ಕೆಳಗೆ "ಬ್ರಿಟಿಷರು ಕಟ್ಟಿಸಿದ ಅದ್ಭುತ" ಅಂತ ಒಂದು ಸಾಲು. ಬ್ರಿಟಿಷರ ಕಾಲ ಅನ್ನೋದು ಖರೇ. ಕಟ್ಟಿಸಿದವರು ಮಾತ್ರ ಬೇರೆ.

ಬಿಕಾಂ ಓದೋರಿಗೆ ಒಂದು ಚಟ ಇರ್ತದ. ಏನು ನೋಡಿದ್ರೂ ಯಾರಿಂದ ಬಂತು, ಯಾರಿಗೆ ಹೋಯ್ತು ಅಂತ ಎಂಟ್ರಿ ಹಾಕಬೇಕು ಅನಿಸ್ತದ. ಈ ಚರ್ಚಿಗೂ ಹಾಗೇ ಲೆಕ್ಕ ತೆಗೆಯೋಣ ಬರ್ರಿ.

ಮೊದಲ ಎಂಟ್ರಿ 1843. ಈಗಿನ ಕಟ್ಟಡಕ್ಕಿಂತ ಮುಂಚೆ ಇದೇ ಜಾಗದಲ್ಲಿ ಒಂದು ಸಣ್ಣ ಚರ್ಚ್ ಇತ್ತು. ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಆಗ ಅವರ ಕೈಯಲ್ಲಿ ರಾಜ್ಯವೇ ಇರಲಿಲ್ಲ, ಇದನ್ನ ನೆನಪಿಡಿ. 1831ರಲ್ಲೇ ಬ್ರಿಟಿಷರು ಆಡಳಿತ ಕಿತ್ತುಕೊಂಡು ಕಮಿಷನರುಗಳನ್ನು ಕೂರಿಸಿದ್ದರು. ಅರಮನೆ ಮಾತ್ರ ಉಳಿದಿದ್ದ ಅರಸ ಬೇರೆ ಧರ್ಮದವರಿಗೆ ಪ್ರಾರ್ಥನೆಯ ಮನೆ ಕಟ್ಟಿಸಿಕೊಟ್ಟ. ಆ ಶಾಸನ ಹೊಸ ಚರ್ಚಿಗೆ ಅಡಿಪಾಯ ತೆಗೆಯುವಾಗ ಸಿಕ್ಕಿತು. ಅದರಲ್ಲಿ ಜಗತ್ತನ್ನೆಲ್ಲ ಸೃಷ್ಟಿಸಿ ಕಾಯುವ ಒಬ್ಬನೇ ದೇವರ ಹೆಸರು ಹೇಳಿ, ಏಸು ಹುಟ್ಟಿದ ಮೇಲೆ 1843 ವರ್ಷಕ್ಕೆ ಇದನ್ನು ಕಟ್ಟಲಾಯಿತು ಅನ್ನೋ ಅರ್ಥದ ಮಾತಿದೆ. ನಂಗೆ ಗೋಪುರಕ್ಕಿಂತ ಈ ಕಲ್ಲೇ ದೊಡ್ಡದು ಅನಿಸ್ತು.

ಮುಂದಿನ ಎಂಟ್ರಿ 1926. ಮಹಾರಾಜರ ಹುಜೂರ್ ಸೆಕ್ರೆಟರಿ ಆಗಿದ್ದ ತಂಬೂ ಚೆಟ್ಟಿಯವರು ಕ್ಯಾಥೊಲಿಕ್ಕರು. ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಸಂತ ಫಿಲೋಮಿನಾಳ ಒಂದು ಪವಿತ್ರ ಅವಶೇಷ ತರಿಸಿಕೊಂಡರು. ಅದನ್ನ ಫಾದರ್ ಕೋಶೆ ಅವರಿಗೆ ಕೊಟ್ಟರು. ಅದಕ್ಕೊಂದು ಗುಡಿ ಬೇಕಲ್ಲ ಅಂತ ಪಾದ್ರಿ ಹೋಗಿದ್ದು ಮಹಾರಾಜರ ಹತ್ರ. ಆ ಹೊತ್ತಿಗೆ ಮೈಸೂರಿನ ಆಡಳಿತ ಒಡೆಯರಿಗೆ ವಾಪಸ್ ಬಂದು ನಲವತ್ತು ವರ್ಷ ದಾಟಿತ್ತು (1881ರಿಂದ). ಮೈಸೂರು ಸೀಮೆಯ ಕ್ಯಾಥೊಲಿಕ್ ಮಿಷನ್ ನಡೆಸುತ್ತಿದ್ದವರೂ ಇಂಗ್ಲಿಷರಲ್ಲ, ಪ್ಯಾರಿಸ್‌ನಿಂದ ಬಂದ ಫ್ರೆಂಚ್ ಪಾದ್ರಿಗಳು.

1933 ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು. ದೇವರ ಕರುಣೆ, ಜನರ ಕೃತಜ್ಞತೆ ಎರಡೂ ಸೇರಿ ಇದಕ್ಕೆ ಅಡಿಪಾಯ ಆಗ್ತವೆ ಅಂತ ಆ ದಿನ ಮಾತಾಡಿದರು. ನಕ್ಷೆ ಡೇಲಿ ಎಂಬ ಫ್ರೆಂಚರದು, ಮಾದರಿ ಜರ್ಮನಿಯ ಕಲೋನ್ ಕೆಥೆಡ್ರಲ್. ಕಲೋನ್ ಗೋಪುರ 157 ಮೀಟರ್. ಇಲ್ಲಿನ ಜೋಡಿ ಗೋಪುರ 175 ಅಡಿ, ಅಂದ್ರ ಅದರ ಮೂರನೇ ಒಂದು ಭಾಗ. ಆದ್ರ ಕಲೋನ್‌ನವರು 1248ರಲ್ಲಿ ಶುರು ಮಾಡಿ ಮುಗಿಸಿದ್ದು 1880ರಲ್ಲಿ! ನಮ್ಮವರು ಅಷ್ಟು ಕಾಯಿಸಲಿಲ್ಲ. ಕಟ್ಟಡ ಶಿಲುಬೆ ಆಕಾರದಲ್ಲಿದೆ, ಒಳಗೆ 800 ಜನ ಕೂರಬಹುದು. 1940ರಲ್ಲಿ ಮೈಸೂರು ಪ್ರತ್ಯೇಕ ಧರ್ಮಪ್ರಾಂತ್ಯ ಆಯ್ತು, ಇದು ಬಿಷಪ್ಪರ ಚರ್ಚ್, ಅಂದ್ರ ಕೆಥೆಡ್ರಲ್ ಆಯ್ತು.

ಗೇಟಿನ ಹತ್ರ ನಮ್ಮ ಜೊತೆ ಬಂದ ಒಬ್ಬಳು "ನಾವು ಒಳಗೆ ಹೋಗಬಹುದೇನ?" ಅಂತ ನಿಂತುಬಿಟ್ಟಳು. ನಮ್ಮ ನೀರಮಾನ್ವಿ ಯಲ್ಲಮ್ಮನ ಜಾತ್ರೆಗೆ ಬರೋರನ್ನ ಯಾರೂ ಜಾತಿ ಕೇಳಿ ಬಿಡಲ್ಲ, ಆದ್ರೂ ಬೇರೆಯವರ ಗುಡಿ ಮುಂದೆ ನಮಗೇ ಕಾಲು ತಡೀತದ. ಚಪ್ಪಲಿ ಬಿಟ್ಟು ಹೋದಳು. ಬಿಡೋ ಅಗತ್ಯ ಇರಲಿಲ್ಲ, ಯಾರೂ ಬೇಡ ಅನ್ನಲಿಲ್ಲ.

ಪೀಠದ ಕೆಳಗಿನ ನೆಲಮಾಳಿಗೆಗೆ ತಪ್ಪದೆ ಇಳೀರಿ. ಸಂತ ಫಿಲೋಮಿನಾಳ ಮೂರ್ತಿ ಅಲ್ಲಿದೆ. ಆಕೆ ಯಾರು? 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ಭೂಗತ ಸಮಾಧಿಯಲ್ಲಿ ಒಂದು ಗೋರಿ ಸಿಕ್ತು. ಒಳಗೆ ಹದಿಮೂರು ಹದಿನಾಲ್ಕರ ಹುಡುಗಿಯ ಮೂಳೆ. ಮುಚ್ಚಿದ್ದ ಮೂರು ಹೆಂಚಿನ ಮೇಲೆ ಹೀಗಿತ್ತು: ಲುಮೆನಾ, ಪ್ಯಾಕ್ಸ್ ತೆ, ಕುಮ್ ಫಿ. ಅರ್ಥ ಇಲ್ಲ. ಮೊದಲ ಹೆಂಚನ್ನ ಕೊನೆಗೆ ಇಟ್ಟರೆ ಪ್ಯಾಕ್ಸ್ ತೆಕುಮ್ ಫಿಲುಮೆನಾ. "ಫಿಲುಮೆನಾ, ನಿನಗೆ ಶಾಂತಿ." ಆಕೆ ಬಗ್ಗೆ ಸಿಕ್ಕ ದಾಖಲೆ ಅಷ್ಟೇ. ಉಳಿದ ಕಥೆಯೆಲ್ಲ ಆಮೇಲೆ ಭಕ್ತಿಯಿಂದ ಬೆಳೆದದ್ದು. 1961ರಲ್ಲಿ ರೋಮ್ ಆಕೆಯ ಹೆಸರನ್ನ ಪೂಜಾ ಪಂಚಾಂಗಗಳಿಂದ ತೆಗೆಯೋಕೆ ಹೇಳ್ತು. ಈ ಕೆಥೆಡ್ರಲ್‌ನ ಪೂರ್ಣ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ, ಆದ್ರ ಆಟೋದವರಿಗೆ "ಫಿಲೋಮಿನಾ" ಅಂದ್ರಷ್ಟೇ ಸಾಕು.

ನಾನು ಬಹಳ ಹೊತ್ತು ನಿಂತಿದ್ದು ಅಲ್ಲೇ. ನಮ್ಮ ಮುತ್ತಜ್ಜಿಯ ಬಗ್ಗೆ ನಮ್ಮನೆಯಲ್ಲಿ ಮೂರು ಹೆಂಚಿನಷ್ಟೂ ಬರಹ ಇಲ್ಲ.

ಇನ್ನೊಂದು ಮಾತು. 1933ರಲ್ಲಿ ರಾಯಚೂರಿನ ನಾವು ಮೈಸೂರಿನವರಲ್ಲ, ನಿಜಾಮನ ಪ್ರಜೆಗಳು. ಆ ನಿಜಾಮ ಸೀಮೆಯಲ್ಲೂ ಮೆದಕ್‌ನಲ್ಲಿ ಒಂದು ಕೆಥೆಡ್ರಲ್ ಇದೆ. 1924ರಲ್ಲಿ ಪ್ರತಿಷ್ಠಾಪನೆ ಆಗಿದ್ದು. ಅದನ್ನ ಕಟ್ಟಿಸಿದ್ದು ಮಾತ್ರ ಇಂಗ್ಲಿಷ್ ಪಾದ್ರಿಯೇ, ಚಾರ್ಲ್ಸ್ ಪಾಸ್ನೆಟ್. ಬರಗಾಲದಾಗ ಹಸಿದವರಿಗೆ ಕೆಲಸ ಕೊಟ್ಟು ಎಬ್ಬಿಸಿದ ಕಟ್ಟಡ. ಗುಳೇ ಹೋಗೋ ಊರಿನವರಿಗೆ ಆ ಕಥೆ ಬೇಗ ತಿಳೀತದ. ಅದು ಮುಂದಿನ ಪೋಸ್ಟ್‌ಗೆ.

#ಮೈಸೂರು #ಸಂತಫಿಲೋಮಿನಾ #ನೀರಮಾನ್ವಿ #ರಾಯಚೂರು