ನೀರೊಳಗಿನ ಮಡೆನೂರು ಡ್ಯಾಮು

ತೋಟದಲ್ಲಿ ಡ್ರಮ್ಮಿಂದ ನೀರು ತೆಗಿಯೋಕೆ ಪೈಪಿಗೆ ಬಾಯಿಟ್ಟು ಗಾಳಿ ಎಳೀತೀವಲ್ಲ, ಒಂದ್ಸಲ ನೀರು ಬಂತು ಅಂದ್ರೆ ಆಮೇಲೆ ಅದೇ ಅಂಚು ಹತ್ತಿ ಇಳಿದು ಬರ್ತಾ ಇರುತ್ತೆ. ಇದೇ ಉಪಾಯವನ್ನು ನಮ್ಮ ಸಾಗರ ತಾಲ್ಲೂಕಿನ ಒಂದು ಡ್ಯಾಮಿಗೆ ಹಾಕಿದ್ರು ಮಾರಾಯ್ರೆ. ಹಿರೇಭಾಸ್ಕರ ಡ್ಯಾಮು. ನಾವು ಮಡೆನೂರು ಡ್ಯಾಮು ಅಂತೀವಿ.

ಜೋಗದ ಪವರ್ ಹೌಸಿಗೆ ಬೇಸಿಗೇಲೂ ನೀರು ಸಿಗಲಿ ಅಂತ ಮೈಸೂರು ಸಂಸ್ಥಾನದವರು ಇದನ್ನು ಕಟ್ಟಿಸಿದ್ದು. ಜೋಗದಲ್ಲಿ ಕರೆಂಟು ಸುರುವಾಗಿದ್ದು 1948ರಲ್ಲಿ. ಹೆಚ್ಚಾದ ನೀರು ಬಿಡೋಕೆ ಇಲ್ಲಿ ಇಟ್ಟಿದ್ದು ಸೈಫನ್ನು, ಅದು ಸಂಸ್ಥಾನದ ಇಂಜಿನಿಯರ್ ಗಣೇಶ್ ಅಯ್ಯರ್ ಅವರ ತಲೆ.

ಕಾಂಕ್ರೀಟಿನ ದೊಡ್ಡ ಆಲಿಕೆ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಹಾಳೆಟೊಪ್ಪಿ ಕವುಚಿದ ಹಾಗೆ ಗುಮ್ಮಟ. ಡ್ಯಾಮು ತುಂಬಿದಾಗ ನೀರು ಆಲಿಕೆಯ ಬಾಯಿ ದಾಟಿ ಒಳಗೆ ಬೀಳುತ್ತೆ. ಆಲಿಕೆ ಮೈಗೆ ಬಾಗಿದ ಪಟ್ಟಿಗಳಿವೆ, ಅದಕ್ಕೆ ತಾಗಿ ನೀರು ಸುಳಿ ತಿರುಗುತ್ತೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನೆಲ್ಲ ಎಳ್ಕೊಂಡು ಹೋಗುತ್ತೆ, ಅಂದ್ರೆ ನಾವು ಬಾಯಲ್ಲಿ ಮಾಡೋ ಕೆಲಸ. ಗಾಳಿ ಖಾಲಿ ಆದ ಕೂಡ್ಲೆ ಪೈಪು ತುಂಬಿ ಹರಿಯುತ್ತೆ. ಮಟ್ಟ ಇಳಿದಾಗ ಗಾಳಿ ಒಳಗೆ ನುಗ್ಗಿ ತಾನೇ ನಿಲ್ಲುತ್ತೆ. ರಾತ್ರಿ ಆರಿದ್ರಾ ಮಳೆ ಸುರೀಲಿ, ಗೇಟು ಎತ್ತೋಕೆ ಯಾರೂ ಓಡಬೇಕಾಗಿಲ್ಲ! ಕುಣಿಗಲ್ ಕಡೆ ಮಾರ್ಕೋನಹಳ್ಳಿ ಡ್ಯಾಮಲ್ಲೂ ಇದೇ ಜಾತಿ ಸೈಫನ್ ಇದೆ. ಇಂಜಿನಿಯರಿಂಗ್ ಓದೋ ಹುಡುಗರ ಪುಸ್ತಕದಲ್ಲೂ ಅಯ್ಯರ್ ಹೆಸರು ಬರುತ್ತೆ. ನಮ್ಮೂರ ಮಕ್ಕಳಿಗೆ ಮಾತ್ರ ಗೊತ್ತಿಲ್ಲ.

ಇಷ್ಟು ಮಾಡಿದ ಡ್ಯಾಮು ಕೆಲಸ ಮಾಡಿದ್ದು ಹದಿನಾರೇ ವರ್ಷ. 1964ರಲ್ಲಿ ಲಿಂಗನಮಕ್ಕಿ ಆಯ್ತು, 1819 ಅಡಿವರೆಗೆ ನೀರು ನಿಂತು ಡ್ಯಾಮೇ ಒಳಗೆ ಹೋಯ್ತು. ಊರು ಮುಳುಗಿಸಿ ಕಟ್ಟಿದ ಡ್ಯಾಮು ಇನ್ನೊಂದು ಡ್ಯಾಮಲ್ಲಿ ಮುಳುಗಿದ್ದು.

ನಮ್ಮಪ್ಪನ ಮನೆಯೂ ಆ ನೀರಲ್ಲೇ ಇದೆ. ಲಾರಿ ಹತ್ತಿ ಈ ಕಡೆ ಬಂದು ಕಾಡು ಕಡಿದು ತೋಟ ಮಾಡಿದ್ರು. ಆ ಜಾಗದಲ್ಲಿ ಅರ್ಧಕ್ಕೆ ಇವತ್ತಿಗೂ ಪಹಣಿ ನಮ್ಮ ಹೆಸರಿಗಿಲ್ಲ. ಇದನ್ನು ಓದೋರಲ್ಲಿ ಎಷ್ಟೋ ಜನರ ಮನೆ ಕಥೆಯೂ ಇದೇ.

ನೀರು ತೀರಾ ಇಳಿದ ಒಂದು ಬೇಸಿಗೇಲಿ ಅಪ್ಪನ್ನ ಕರ್ಕೊಂಡು ಹೋಗಿದ್ದೆ. ಗೋಡೆ ಗಟ್ಟಿಯಾಗಿ ನಿಂತಿತ್ತು, ಗುಮ್ಮಟಗಳೂ ಕಂಡ್ವು. ನಾನು ಸೈಫನ್ ವಿಷಯ ಹೇಳ್ತಾ ಇದ್ರೆ ಅವರು ಆ ಕಡೆ ನೋಡ್ಲೇ ಇಲ್ಲ. ಒಣಗಿ ಬಿರಿದ ಕೆಸರಿನ ಕಡೆ ಕೈ ಮಾಡಿ, "ನಮ್ಮ ಬಾವಿ ಅಲ್ಲೇ ಎಲ್ಲೋ ಇರಬೇಕು ನೋಡು" ಅಂದ್ರು.