ಮನೆಯವರು ಹೇಳಿ ಮಾಡಿಸಿದ ಸ್ವರ್ಗ

ಈಗೀಗ ಒಂದು ಹೊಸ ರೂಢಿ ಬಂದಿದೆ. ಅಪ್ಪನ ಅರವತ್ತಕ್ಕೋ, ಅಜ್ಜಿಯ ಎಂಬತ್ತಕ್ಕೋ ಚಿತ್ರಕಾರರಿಗೆ ಹೇಳಿ ಒಂದು ಕಲ್ಪನೆಯ ಚಿತ್ರ ಬರೆಸುವುದು. ಮುಖ ಮಾತ್ರ ಅಪ್ಪನದು. ಉಳಿದಂತೆ ಕಿರೀಟ, ಕತ್ತಿ, ಬಿಳಿ ಕುದುರೆ, ಹಿಂದೆ ಮೋಡದ ಮೇಲೊಂದು ಅರಮನೆ! ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ನೆಂಟರೊಬ್ಬರ ಮನೆಯಲ್ಲಿ ಇಂಥದ್ದೊಂದನ್ನು ನೋಡಿದಾಗ "ಇದೆಲ್ಲ ಪೇಟೆಯವರ ಶೋಕಿ" ಅಂತ ಯಾರೋ ಅಂದರು. ನನಗೆ ಹಾಗನ್ನಿಸಲಿಲ್ಲ. ನಮ್ಮ ಸೊರಬ, ಶಿಕಾರಿಪುರದ ಕಡೆ ಸಾವಿರ ವರ್ಷದ ಹಿಂದೆಯೇ ಇದೇ ಕೆಲಸವನ್ನು ಕಲ್ಲಿನಲ್ಲಿ ಮಾಡಿಸುತ್ತಿದ್ದರಲ್ಲ!

ನಾನು ಹೇಳುತ್ತಿರುವುದು ವೀರಗಲ್ಲುಗಳ ಬಗ್ಗೆ. ಗುಡವಿಯ ಕೆರೆಗೆ ಹಕ್ಕಿ ನೋಡಲು ಮಳೆಗಾಲದಲ್ಲಿ ಎಷ್ಟೊಂದು ಜನ ಬರುತ್ತಾರೆ. ಹಾಗೆ ಬಂದವರು ಸೊರಬ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ವಲ್ಪ ಸುತ್ತಾಡಿದರೆ ಕೆರೆ ಏರಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ ಈ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ನಾವು ಅವುಗಳನ್ನು "ಯುದ್ಧದ ಕಲ್ಲು" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಆದರೆ ಸರಿಯಾಗಿ ನೋಡಿದರೆ ಆ ಕಲ್ಲಿನಲ್ಲಿ ಯುದ್ಧ ಇರುವುದು ಕೆಳಗಿನ ಒಂದು ಪಟ್ಟಿಯಲ್ಲಿ ಮಾತ್ರ. ಅದರ ಮೇಲಿನದೆಲ್ಲ ಯಾರೂ ನೋಡಿ ಬಂದದ್ದಲ್ಲ. ಮನೆಯವರು ಹೇಳಿ ಮಾಡಿಸಿದ ಸ್ವರ್ಗ ಅದು.

ಸಾಮಾನ್ಯವಾಗಿ ಒಂದು ವೀರಗಲ್ಲಿಗೆ ಮೂರು ಅಂತಸ್ತು. ಕೆಳಗಿನದರಲ್ಲಿ ಕಾಳಗ. ತುರುಗೋಳಾದರೆ, ಅಂದರೆ ದನಗಳ ಹಿಂಡಿಗಾಗಿ ನಡೆದ ಜಗಳವಾದರೆ, ಒಂದು ಮೂಲೆಯಲ್ಲಿ ದನಗಳ ಸಾಲೇ ಇರುತ್ತದೆ. ವೀರ ಬಿಲ್ಲು ಹಿಡಿದೋ ಕತ್ತಿ ಗುರಾಣಿ ಹಿಡಿದೋ ನಿಂತಿರುತ್ತಾನೆ. ಇಲ್ಲಿ ಒಂದು ತಮಾಷೆ ಗಮನಿಸಿ. ಆ ಮನುಷ್ಯ ಆ ಜಗಳದಲ್ಲಿ ಸತ್ತಿದ್ದಾನೆ, ಅದಕ್ಕೇ ಕಲ್ಲು ನಿಲ್ಲಿಸಿದ್ದು. ಆದರೂ ಹೆಚ್ಚಿನ ಕಲ್ಲುಗಳಲ್ಲಿ ಅವನೇ ಎಲ್ಲರಿಗಿಂತ ಎತ್ತರ, ಎದುರಾಳಿಗಳು ಅವನ ಮೊಣಕಾಲಿಗೋ ಸೊಂಟಕ್ಕೋ ಬರುವಷ್ಟು ಚಿಕ್ಕವರು. ಸೋಲು, ನೋವು ಅಲ್ಲಿ ಕಾಣುವುದು ಕಡಿಮೆ. ಚಿತ್ರ ಮಾಡಿಸಿದವರು ಹೆಂಡತಿ ಮಕ್ಕಳು, ಅಣ್ಣ ತಮ್ಮಂದಿರು. ಅವರಿಗೆ ಬೇಕಾಗಿದ್ದದ್ದು ಹೆಣವಲ್ಲವಲ್ಲ.

ನಡುವಿನ ಪಟ್ಟಿಯಲ್ಲಿ ಅವನು ಮೇಲೆ ಹೋಗುತ್ತಿದ್ದಾನೆ. ಎರಡೂ ಕಡೆ ಅಪ್ಸರೆಯರು ತೋಳು ಹಿಡಿದಿರುತ್ತಾರೆ, ಕೆಲವದರಲ್ಲಿ ವಿಮಾನದಂಥ ಮಂಟಪದೊಳಗೆ ಕೂರಿಸಿ ಚಾಮರ ಬೀಸುತ್ತಿರುತ್ತಾರೆ. ನನಗೆ ಯಾವಾಗಲೂ ಖುಷಿ ಕೊಡುವುದು ಈ ಪಟ್ಟಿಯೇ. ಗುಡವಿಯಂಥ ಕೆರೆಗಳಲ್ಲಿ ಹಕ್ಕಿಗಳು ರೆಕ್ಕೆ ಬಿಚ್ಚಿ ಇಳಿಯುವುದನ್ನು ಕಣ್ಣಾರೆ ನೋಡುತ್ತಿದ್ದ ಸೀಮೆ ಇದು. ಆದರೂ ನಮ್ಮ ಶಿಲ್ಪಿ ಅಪ್ಸರೆಗೆ ರೆಕ್ಕೆ ಹಚ್ಚಲಿಲ್ಲ. ಮೊಣಕಾಲು ಹಿಂದಕ್ಕೆ ಮಡಿಸಿ, ಮೈ ಸ್ವಲ್ಪ ವಾಲಿಸಿದ, ಅಷ್ಟೇ. ಆಕೆ ಹಾರುತ್ತಿದ್ದಾಳೆ ಅಂತ ನಮಗೆ ತಿಳಿದುಹೋಗುತ್ತದೆ!

ಎಲ್ಲಕ್ಕಿಂತ ಮೇಲೆ ಕೈಲಾಸ. ನಡುವೆ ಲಿಂಗ, ಪೂಜೆ ಮಾಡುವವನು, ನಂದಿ, ಪಕ್ಕದಲ್ಲಿ ಕೈಮುಗಿದು ಕೂತ ನಮ್ಮ ಮನುಷ್ಯ. ಜೈನರ ಕಲ್ಲಾದರೆ ಲಿಂಗದ ಜಾಗದಲ್ಲಿ ಜಿನ. ತುದಿಯಲ್ಲಿ ಸೂರ್ಯ ಚಂದ್ರರು, ಅವರಿರುವ ತನಕ ಇದೂ ಇರಲಿ ಅಂತ. ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ಹೋಗುವ ಈ ಮೈಗೆ ಯಾಕೆ ಹೆದರಬೇಕು ಎಂಬ ಅರ್ಥದ ಸಂಸ್ಕೃತ ಶ್ಲೋಕವೊಂದನ್ನು ಎಷ್ಟೋ ವೀರಗಲ್ಲುಗಳ ಮೇಲೆ ಕೆತ್ತಿದ್ದಾರೆ. ಅಪ್ಸರೆಯರು ಬಂದದ್ದು ಆ ನಂಬಿಕೆಯಿಂದಲೇ.

ನಾಲ್ಕಾರು ಕಲ್ಲು ಒಟ್ಟಿಗೆ ನೋಡಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಮೇಲಿನ ಎರಡು ಪಟ್ಟಿಗಳು ಕಲ್ಲಿನಿಂದ ಕಲ್ಲಿಗೆ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಕೆಳಗಿನದು: ಒಂದರಲ್ಲಿ ದನ, ಒಂದರಲ್ಲಿ ಕುದುರೆ, ಒಂದರಲ್ಲಿ ಹುಲಿಯೋ ಹಂದಿಯೋ. ಅಂದರೆ ಸ್ವರ್ಗ ಎಲ್ಲರಿಗೂ ಒಂದೇ, ಸಾವು ಮಾತ್ರ ಅವರವರದು. ಮನೆಯವರು ಶಿಲ್ಪಿಯ ಮುಂದೆ ಕೂತು "ನಮ್ಮವನು ಹೀಗೆ ಹೋದ" ಅಂತ ಹೇಳಿದ್ದು ಈ ಕೆಳಗಿನ ಪಟ್ಟಿಯಲ್ಲಿದೆ ಅಂತ ನನ್ನ ಊಹೆ.

ಇಷ್ಟೊಂದು ಕಲ್ಲು ಇಲ್ಲೇ ಯಾಕೆ? ಇದು ಬನವಾಸಿ-12000 ಎಂಬ ದೊಡ್ಡ ಪ್ರಾಂತದ ನಡು. ನಾಗರಖಂಡ-70, ಜಿಡ್ಡುಳಿಗೆ-70 ಮುಂತಾದ ನಾಡುಗಳು ಇಲ್ಲೇ ಇದ್ದವು. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರು, ಇವರ ಕೆಳಗೆ ಹಾನಗಲ್ಲಿನ ಕದಂಬರು, ಹುಂಚದ ಸಾಂತರರು... ಒಬ್ಬರಾದ ಮೇಲೊಬ್ಬರು ಇದಕ್ಕಾಗಿ ಬಡಿದಾಡಿದರು. ಆದರೆ ಕಲ್ಲಾದವರಲ್ಲಿ ಎಲ್ಲರೂ ರಾಜನಿಗಾಗಿ ಸತ್ತವರಲ್ಲ. ತುರುಗೋಳ್, ಊರಳಿವು, ಪೆಣ್ಬುಯ್ಯಲ್, ಗಡಿಗಾಳಗ ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದನ ಬಿಡಿಸಲು, ಊರು ಉಳಿಸಲು, ಹೆಣ್ಣುಮಕ್ಕಳ ಮಾನ ಕಾಯಲು, ಗಡಿ ಕಲ್ಲಿನ ಜಗಳಕ್ಕೆ ಹೋದವರು. ಬಿ.ಎಲ್. ರೈಸ್ ಶಿಕಾರಿಪುರದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ 1902ರಲ್ಲೂ, ಸೊರಬದವನ್ನು 8ನೇ ಸಂಪುಟದಲ್ಲಿ 1904ರಲ್ಲೂ ಅಚ್ಚು ಮಾಡಿಸಿದರು. ಆ ಪುಟಗಳನ್ನು ತಿರುಗಿಸುತ್ತಾ ಹೋದರೆ ಪಠ್ಯಪುಸ್ತಕದಲ್ಲಿ ಎಲ್ಲೂ ಸಿಗದ ಗೌಡರು, ಅವರ ಮಕ್ಕಳು, ಸಾಮಾನ್ಯರು ಸಾಲುಸಾಲಾಗಿ ಸಿಗುತ್ತಾರೆ.

ಖರ್ಚು ಯಾರದು ಅಂತ ಕೇಳಬಹುದು. ಶಾಸನ ಇರುವ ಕಲ್ಲುಗಳಲ್ಲಿ ಎಷ್ಟೋ ಸಲ ನಿಲ್ಲಿಸಿದವರ ಹೆಸರಿದೆ. ಮಗ, ತಮ್ಮ, ಹೆಂಡತಿ, ಕೆಲವೆಡೆ ಒಡೆಯ, ಕೆಲವೆಡೆ ಇಡೀ ಊರು. ಜೊತೆಗೆ ಸತ್ತವನ ಮನೆಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ಕಲ್ನಾಡು, ನೆತ್ತರುಗೊಡಗೆ ಅಂತ ಹೆಸರು. ನೆತ್ತರು ಕೊಟ್ಟದ್ದಕ್ಕೆ ಬಂದ ಕೊಡುಗೆ! ಹೀಗಾಗಿ ಈ ಕಲ್ಲು ಬರೀ ನೆನಪಿನ ಕಾಣಿಕೆಯಲ್ಲ. ಅಂಥ ಮನೆಯವರಿಗೆ ಅದು ಪಹಣಿಯೂ ಹೌದು. ಕೊನೆಯಲ್ಲಿ, ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಅಂತ ಶಾಪ ಹಾಕಿರುವುದು ಸುಮ್ಮನೆ ಅಲ್ಲ.

ಮಾಡಿದವರ ಹೆಸರು ಮಾತ್ರ ಹೆಚ್ಚಾಗಿ ಸಿಗುವುದಿಲ್ಲ. ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿಗೆ ಹೋಗಿ ಅಲ್ಲಿನ ಮೂರ್ತಿಗಳ ಕೆಳಗೆ ಹೆಸರು ಕೆತ್ತಿ ಬಂದರು. ಬೇಲೂರಿನ ದೇವಸ್ಥಾನ 1117ರದು. ಊರಲ್ಲಿ ಉಳಿದು ಬಡವರ ಮನೆಗೆ ಕೈಲಾಸ ಕೆತ್ತಿಕೊಟ್ಟವರನ್ನು ಕೇಳುವವರಿಲ್ಲ. ನನಗೇನೋ ಅವರೂ ಕಡಿಮೆಯವರು ಅನ್ನಿಸುವುದಿಲ್ಲ. ಎರಡಡಿ ಅಗಲದ ಕಲ್ಲಿನಲ್ಲಿ ಭೂಮಿಯಿಂದ ಕೈಲಾಸದವರೆಗೆ ಎಲ್ಲವನ್ನೂ ಹಿಡಿಸಬೇಕು ನೋಡಿ.

ಹೆಂಗಸರ ಕಲ್ಲುಗಳ ವಿಷಯ ಬೇರೆ. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಒಂದು ತೋಳು, ಬಳೆ, ಅಂಗೈಯಲ್ಲಿ ನಿಂಬೆಹಣ್ಣು. ಮುಖವೇ ಇಲ್ಲದ ಕಲ್ಲುಗಳೂ ಇವೆ. ಅದನ್ನು ನೋಡಿದಾಗ ನನಗೆ ಹೆಮ್ಮೆ ಬರುವುದಿಲ್ಲ, ಹೊಟ್ಟೆಯಲ್ಲಿ ಏನೋ ಸಂಕಟವಾಗುತ್ತದೆ. ಹಾಗಂತ ಹೆಂಗಸರ ನೆನಪೆಲ್ಲ ಅದೇ ಬಗೆಯದಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಹತ್ತನೇ ಶತಮಾನದ ಜಕ್ಕಿಯಬ್ಬೆಯ ಶಾಸನವಿದೆ. ಗಂಡ ತೀರಿಕೊಂಡ ಮೇಲೆ ನಾಗರಖಂಡ-70ರ ನಾಳ್ಗಾವುಂಡತನ ನಡೆಸಿದವಳು, ಕೊನೆಗೆ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ವ್ರತದಿಂದ ಪ್ರಾಣ ಬಿಟ್ಟವಳು.

ಅಂದ ಹಾಗೆ, ಹೇಳಿ ಮಾಡಿಸಿದ ಕಲ್ಲುಗಳಲ್ಲೆಲ್ಲ ನನಗೆ ಅಚ್ಚುಮೆಚ್ಚಿನದು ನಮ್ಮ ಸೀಮೆಯದಲ್ಲ, ಮದ್ದೂರು ತಾಲ್ಲೂಕಿನ ಆತಕೂರಿನದು. ಸುಮಾರು 950ರದು. ಗಂಗ ಬೂತುಗನ ಭಂಟ ಮಣಲೇರ ಯುದ್ಧದಲ್ಲಿ ಮೆರೆದದ್ದಕ್ಕೆ ಬಹುಮಾನವಾಗಿ ಒಡೆಯನ ನಾಯಿ 'ಕಾಳಿ'ಯನ್ನೇ ಕೇಳಿ ಪಡೆದ. ಆ ನಾಯಿ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಅವನು ನಾಯಿಗೇ ಕಲ್ಲು ನಿಲ್ಲಿಸಿದ! ಅದಕ್ಕೆ ಪೂಜೆ ಮಾಡದೆ ಗೊರವ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತ ಬರೆಸಿದ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಕಡೆಯ ಕಲ್ಲುಗಳಿಗೆ ಅಷ್ಟು ಅದೃಷ್ಟ ಇಲ್ಲ. ಬಳ್ಳಿಗಾವಿಯ ಕೇದಾರೇಶ್ವರ, ಬನವಾಸಿಯ ಮಧುಕೇಶ್ವರ ದೇವಸ್ಥಾನಗಳ ಆವರಣದಲ್ಲಿ ಇರುವವು ಸುರಕ್ಷಿತ. ಊರೊಳಗಿನವು ಬಟ್ಟೆ ಒಗೆಯುವ ಕಲ್ಲಾಗಿವೆ, ಕಾಲುವೆಗೆ ಸೇತುವೆಯಾಗಿವೆ. ನಿಧಿ ಇದೆ ಅಂತ ಬುಡ ಅಗೆದವರೂ ಇದ್ದಾರೆ. ಕೆಲವೆಡೆ ಭೂತಪ್ಪ ಅಂತ ಕಾಯಿ ಒಡೆಯುತ್ತಾರೆ, ಅಲ್ಲಿ ಉಳಿದುಕೊಂಡಿವೆ. ಯಾವ ಮನೆಯವರು ಮಾಡಿಸಿದ್ದು ಎಂಬುದು ಮರೆತು ಎಷ್ಟೋ ತಲೆಮಾರಾಯಿತು. ಬರಹವಿಲ್ಲದ ಕಲ್ಲುಗಳಿಗಂತೂ ಚಿತ್ರವೇ ಗತಿ.

ಇದೇ ಸೊರಬ, ಸಾಗರದ ದೀವರ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ, ಜೊತೆಗೆ ಹಾಡು. ಗೋಡೆ ಮತ್ತೆ ಸಾರಿಸಿದಾಗ ಅದು ಹೋಗುತ್ತದೆ, ಮುಂದಿನ ಮದುವೆಗೆ ಹೊಸದು ಬರುತ್ತದೆ. ವೀರಗಲ್ಲಿಗೆ ಆ ಅನುಕೂಲ ಇಲ್ಲ, ಒಡೆದರೆ ಒಡೆದದ್ದೇ. ನಿಮ್ಮೂರಿನಲ್ಲಿ ಒಂದಿದ್ದರೆ ಸುಣ್ಣ, ಪೇಂಟು ಬಳಿಯಬೇಡಿ. ಅಕ್ಷರ ಕಾಣಲಿ ಅಂತ ಗೀಚಲೂ ಬೇಡಿ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ ಫೋಟೋ ತೆಗೆಯಿರಿ, ಸವೆದ ಗೆರೆಯೂ ಎದ್ದು ಕಾಣುತ್ತದೆ. ಮೊದಲು ಕೆಳಗಿನ ಪಟ್ಟಿ ನೋಡಿ.